ಹಳೆ ಫೋನಿಗೂ ವೈಫೈ: ಕಡಿಮೆ ಸಾಮರ್ಥ್ಯದ ಸಾಧನಗಳನ್ನು ನೆಟ್‌ವರ್ಕಿಗೆ ಸೇರಿಸಿ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಹೊಸ ರೂಟರ್ ಹಾಕಿದ ದಿನವೇ ಹಳೆ ಫೋನ್ ಕೈಕೊಡುತ್ತದೆ. ನಿನ್ನೆಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಕೀಪ್ಯಾಡ್ ಫೋನು, ಹತ್ತು ವರ್ಷ ಹಳೆಯ ಟ್ಯಾಬ್ಲೆಟ್ಟು, ಇ-ರೀಡರು, ಗೋದಾಮಿನ ಬಾರ್‌ಕೋಡ್ ಸ್ಕ್ಯಾನರು, ಒಂದಕ್ಕೂ ನೆಟ್‌ವರ್ಕ್ ಕಾಣುವುದಿಲ್ಲ. ಆಗ ಹೆಚ್ಚಿನವರು ಏನು ಮಾಡುತ್ತಾರೆ? ರೂಟರ್ ಸೆಟ್ಟಿಂಗ್ ತೆರೆದು ಭದ್ರತೆ ಇಳಿಸುತ್ತಾರೆ, ಹಳೆಯ ಮೋಡ್ ಆನ್ ಮಾಡುತ್ತಾರೆ, ಫೋನ್ ಸೇರಿಕೊಂಡ ಕೂಡಲೇ ಕೆಲಸ ಮುಗಿಯಿತು ಅಂತ ಎದ್ದು ಬರುತ್ತಾರೆ. ಒಂದು ಸಾಧನದ ಸಲುವಾಗಿ ಉಳಿದ ಎಲ್ಲ ಸಾಧನಗಳ ವೇಗವೂ ಭದ್ರತೆಯೂ ಇಳಿದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಇಲ್ಲಿ ಹೇಳುವ ದಾರಿ ಬೇರೆ. ಹಳೆ ಸಾಧನಕ್ಕೆ ಬೇಕಾದ ಸಡಿಲಿಕೆಗಳನ್ನೆಲ್ಲ ಒಂದು ಪ್ರತ್ಯೇಕ ನೆಟ್‌ವರ್ಕಿನಲ್ಲಿ ಇಡುವುದು, ಮುಖ್ಯ ನೆಟ್‌ವರ್ಕನ್ನು ಮುಟ್ಟದಿರುವುದು. ಮನೆ ರೂಟರಿನಲ್ಲೂ ಇದನ್ನು ಮಾಡಬಹುದು, ಸಣ್ಣ ಆಫೀಸಿನಲ್ಲೂ ಮಾಡಬಹುದು.

ಹಂತ 1: ಸಾಧನಕ್ಕೆ ಏನು ಬರುತ್ತದೆ ಅಂತ ಮೊದಲು ತಿಳಿಯಿರಿ

ರೂಟರಿಗೆ ಕೈ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಸಾಧನದ ಮಾಡೆಲ್ ಹೆಸರು ಬರೆದು, ಅದರ ತಾಂತ್ರಿಕ ವಿವರದಲ್ಲಿ ಮೂರು ವಿಷಯ ಹುಡುಕಿ.

ಮೊದಲನೆಯದು ಬ್ಯಾಂಡ್, ಅಂದರೆ ವೈಫೈ ಬಳಸುವ ರೇಡಿಯೊ ಅಲೆಗಳ ಶ್ರೇಣಿ. ಅಗ್ಗದ ಮತ್ತು ಹಳೆಯ ಸಾಧನಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ವಿವರದಲ್ಲಿ "ಬಿ/ಜಿ/ಎನ್" ಅಂತಷ್ಟೇ ಇದ್ದು "ಎಸಿ" ಅಥವಾ "ಎಎಕ್ಸ್" ಕಾಣದಿದ್ದರೆ ಬಹುಮಟ್ಟಿಗೆ ಅದು 2.4 ಮಾತ್ರದ ಸಾಧನ.

ಎರಡನೆಯದು ವೈಫೈ ಪೀಳಿಗೆ. ಇದನ್ನು 802.11 ಅನ್ನುವ ವೈಫೈ ಮಾನದಂಡದ ಮುಂದಿನ ಅಕ್ಷರ ಹೇಳುತ್ತದೆ, 'ಎಸಿ', 'ಎಎಕ್ಸ್' ಹೊಸವು. 802.11ಬಿ ಬಂದದ್ದು 1999ರಲ್ಲಿ, ಗರಿಷ್ಠ ವೇಗ ಸೆಕೆಂಡಿಗೆ 11 ಮೆಗಾಬಿಟ್. 2003ರ 'ಜಿ' 54ಕ್ಕೆ ಏರಿತು. 'ಎನ್' ಬಂದದ್ದು 2009ರಲ್ಲಿ. ನಿಮ್ಮ ಪಟ್ಟಿಯಲ್ಲಿ 'ಬಿ' ಮಾತ್ರ ಬರುವ ಸಾಧನ ಇದೆಯಾ ಇಲ್ಲವಾ ಅನ್ನುವುದರ ಮೇಲೆ ಮೂರನೇ ಹಂತ ನಿಂತಿದೆ. ಹಾಗಾಗಿ ಇದನ್ನು ಖಚಿತ ಮಾಡಿಕೊಳ್ಳಿ.

ಮೂರನೆಯದು ಭದ್ರತೆ, ಅಂದರೆ ವೈಫೈಯಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ವಿಧಾನ. ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯುಪಿಎ3 2018ರಲ್ಲಿ. ಅದಕ್ಕೂ ಹಿಂದಿನ ವೆಪ್ ಮಾತ್ರ ಗೊತ್ತಿರುವ ಸಾಧನಗಳೂ ಇನ್ನೂ ಬಳಕೆಯಲ್ಲಿವೆ. ಮೊದಲ ನಿಂಟೆಂಡೊ ಡಿಎಸ್ ಗೇಮ್ ಸಾಧನ ಅಂಥದ್ದು: ವೆಪ್ ಇರಬೇಕು, ಇಲ್ಲವೇ ಪಾಸ್‌ವರ್ಡೇ ಇರಬಾರದು. ಇಂಥವುಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅವನ್ನು ಉಳಿದವುಗಳ ಜೊತೆ ಸೇರಿಸಬೇಡಿ.

ಹಂತ 2: ಬೇರೆ ಹೆಸರಿನ ನೆಟ್‌ವರ್ಕ್ ಮಾಡಿ

ಬಹಳ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸಿ, ಯಾವ ಸಾಧನ ಎಲ್ಲಿಗೆ ಹೋಗಬೇಕು ಅಂತ ತಾವೇ ತೀರ್ಮಾನಿಸುತ್ತವೆ. 'ಬ್ಯಾಂಡ್ ಸ್ಟೀರಿಂಗ್' ಅಥವಾ 'ಸ್ಮಾರ್ಟ್ ಕನೆಕ್ಟ್' ಅನ್ನುವ ಸೆಟ್ಟಿಂಗ್ ಇದು. ಹೊಸ ಫೋನುಗಳಿಗೆ ಅನುಕೂಲ. ಹಳೆಯವಕ್ಕೆ ಇದೇ ಮುಳುವು. ಎಷ್ಟೋ ರೂಟರುಗಳು ಸಾಧನವನ್ನು 5ರ ಕಡೆ ತಳ್ಳಲು ಅದರ ಮೊದಲ ಕೆಲವು ಕೋರಿಕೆಗಳಿಗೆ 2.4ರಲ್ಲಿ ಉತ್ತರವನ್ನೇ ಕೊಡುವುದಿಲ್ಲ. ಹೊಸ ಫೋನ್ ಮತ್ತೆ ಕೇಳುತ್ತದೆ. ಹಳೆಯದು 'ಸಂಪರ್ಕ ವಿಫಲ' ಅಂತ ಕೈಚೆಲ್ಲುತ್ತದೆ.

ಹಾಗಾಗಿ ಮುಖ್ಯ ನೆಟ್‌ವರ್ಕನ್ನು 5ಕ್ಕೆ ಸೀಮಿತ ಮಾಡಿ, ಹಳೆ ಸಾಧನಗಳಿಗೆ 2.4ರಲ್ಲಿ ಬೇರೆ ಹೆಸರಿನ ನೆಟ್‌ವರ್ಕ್ ತೆರೆಯಿರಿ. ಗೆಸ್ಟ್ ನೆಟ್‌ವರ್ಕ್ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಐದನೇ ಹಂತದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಹೆಸರನ್ನು ಇಂಗ್ಲಿಷ್ ಸಣ್ಣ ಅಕ್ಷರ ಮತ್ತು ಅಂಕಿಗಳಲ್ಲೇ ಇಡಿ. ನೆಟ್‌ವರ್ಕ್ ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಗುಣಿತದ ಚಿಹ್ನೆಗೂ ಸೇರಿ. 'ಅತಿಥಿ' ಅನ್ನುವಷ್ಟಕ್ಕೇ 15 ಬೈಟ್ ಆಯಿತು. ಜಾಗ ಸಾಲಿದರೂ ಹಳೆ ಫೋನ್ ಅದನ್ನು ಚೌಕದ ಡಬ್ಬಿಗಳಾಗಿ ತೋರಿಸಬಹುದು.

ಹೆಸರನ್ನು ಮರೆಮಾಡಬೇಡಿ. 'ಹಿಡನ್' ಮಾಡಿದರೆ ಭದ್ರತೆ ಹೆಚ್ಚುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಉಚಿತ ತಂತ್ರಾಂಶ ಇರುವ ಯಾರಿಗಾದರೂ ಆ ಹೆಸರು ಕಾಣುತ್ತದೆ. ಬದಲಿಗೆ ನಿಮ್ಮ ಫೋನೇ ಹೋದಲ್ಲೆಲ್ಲ ಆ ಹೆಸರನ್ನು ಕೂಗಿ ಹುಡುಕುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ.

ಇನ್ನೊಂದು ಮಾತು: ಅವರಿಗೊಂದು ಇವರಿಗೊಂದು ಅಂತ ಹೆಸರುಗಳನ್ನು ಹೆಚ್ಚಿಸುತ್ತಾ ಹೋಗಬೇಡಿ. ಪ್ರತಿ ಹೆಸರಿನ ಪರವಾಗಿ ರೂಟರು ಸೆಕೆಂಡಿಗೆ ಸುಮಾರು ಹತ್ತು ಸಲ 'ಬೀಕನ್' ಅನ್ನುವ ಪ್ರಕಟಣೆ ಹೊರಡಿಸುತ್ತದೆ, ಅದೂ ಅತ್ಯಂತ ನಿಧಾನದ ವೇಗದಲ್ಲಿ. 250 ಬೈಟಿನ ಬೀಕನ್ 1 ಮೆಗಾಬಿಟ್ ವೇಗದಲ್ಲಿ 2 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಒಂದು ಹೆಸರಿಗೆ ಚಾನೆಲ್ಲಿನ (ರೂಟರು ಮಾತಾಡುವ ರೇಡಿಯೊ ದಾರಿಯ) ಸಮಯದಲ್ಲಿ 2 ಶೇಕಡಾ. ನಾಲ್ಕು ಹೆಸರಿದ್ದರೆ 8 ಶೇಕಡಾ, ಅದೂ ಯಾರೂ ಏನೂ ಬಳಸದೆ.

ಹಂತ 3: ರೇಡಿಯೊ ಸೆಟ್ಟಿಂಗ್

ಹೆಚ್ಚಿನವರು ಎಡವುವುದು ಇಲ್ಲಿ. ಹೆಸರು ಬೇರೆ ಮಾಡಿದರೂ ರೇಡಿಯೊ ಒಂದೇ. ಚಾನೆಲ್, ಅದರ ಅಗಲ, ವೈಫೈ ಪೀಳಿಗೆಯ ಮೋಡ್, ಇವು ಸಾಮಾನ್ಯವಾಗಿ ಇಡೀ 2.4 ರೇಡಿಯೊಗೆ ಅನ್ವಯಿಸುತ್ತವೆ. ಒಂದು ಹೆಸರಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಇಡಲು ಬಹಳ ರೂಟರುಗಳಲ್ಲಿ ಆಗುವುದಿಲ್ಲ. ಅದಕ್ಕೇ ಹೊಸ ಸಾಧನಗಳನ್ನು 5ಕ್ಕೆ ಕಳಿಸಿ 2.4ನ್ನು ಪೂರ್ತಿ ಹಳೆಯವಕ್ಕೇ ಬಿಟ್ಟುಕೊಡಿ ಅಂದದ್ದು.

ಚಾನೆಲ್ಲನ್ನು 'ಆಟೋ' ಬಿಡಬೇಡಿ. 1, 6, 11, ಇವುಗಳಲ್ಲಿ ಕಡಿಮೆ ಗದ್ದಲ ಇರುವುದನ್ನು ನೀವೇ ಆರಿಸಿ. ಆಟೋ ಇದ್ದರೆ ಕೆಲವು ಕಡೆ ರೂಟರು 12 ಅಥವಾ 13ಕ್ಕೆ ಜಿಗಿಯುತ್ತದೆ. ಆ ಚಾನೆಲ್ಲುಗಳನ್ನು ಕೇಳಿಸಿಕೊಳ್ಳದ ಸಾಧನಗಳು ತುಂಬಾ ಇವೆ. "ನಿನ್ನೆ ಕಾಣುತ್ತಿತ್ತು, ಇವತ್ತು ಪಟ್ಟಿಯಲ್ಲೇ ಇಲ್ಲ" ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದು ಚಾನೆಲ್ ಸಂಖ್ಯೆ.

ಅಗಲ 20 ಮೆಗಾಹರ್ಟ್ಸ್ ಇರಲಿ. 40 ಇಟ್ಟರೆ ಇಕ್ಕಟ್ಟಾದ 2.4ರಲ್ಲಿ ಅಕ್ಕಪಕ್ಕದವರ ಜೊತೆ ಜಗಳ ಜಾಸ್ತಿಯಾಗುತ್ತದೆ, ಲಾಭ ಏನೂ ಇಲ್ಲ.

ಮೋಡ್ 'ಬಿ/ಜಿ/ಎನ್' ಅಥವಾ 'ಜಿ/ಎನ್' ಸಾಕು. 2.4ರಲ್ಲಿ 'ಎಎಕ್ಸ್' ಆಫ್ ಮಾಡಿ. ಎಎಕ್ಸ್ ರೂಟರಿನ ಬೀಕನ್ನಿನಲ್ಲಿ ಹೊಸ ಮಾಹಿತಿ ತುಂಬಿರುತ್ತದೆ. ನಿಯಮದ ಪ್ರಕಾರ ಹಳೆ ಸಾಧನ ತನಗೆ ತಿಳಿಯದ್ದನ್ನು ಬಿಟ್ಟು ಉಳಿದದ್ದನ್ನು ಓದಬೇಕು. ವೈಫೈ ಚಿಪ್ ನಡೆಸುವ ಕೆಲವು ಹಳೆಯ ತಂತ್ರಾಂಶಗಳು, ಅಂದರೆ ಡ್ರೈವರುಗಳು, ಇಡೀ ಬೀಕನ್ನನ್ನೇ ಬಿಸಾಡಿಬಿಡುತ್ತವೆ. 'ಫಾಸ್ಟ್ ರೋಮಿಂಗ್' ಅಥವಾ 802.11ಆರ್ ಅನ್ನುವುದನ್ನೂ ಈ ನೆಟ್‌ವರ್ಕಿನಲ್ಲಿ ಇದೇ ಕಾರಣಕ್ಕೆ ಆಫ್ ಮಾಡಿ.

ಈಗ ವೇಗದ ಲೆಕ್ಕ. ಸ್ವಲ್ಪ ನಿಧಾನವಾಗಿ ನೋಡೋಣ. 1500 ಬೈಟಿನ ಒಂದು ಪ್ಯಾಕೆಟ್ (ಒಂದು ಸಲಕ್ಕೆ ಕಳಿಸುವ ಮಾಹಿತಿಯ ತುಣುಕು) ಅಂದರೆ 12,000 ಬಿಟ್. ಅದನ್ನು 1 ಮೆಗಾಬಿಟ್ ವೇಗದಲ್ಲಿ ಕಳಿಸಲು 12 ಮಿಲಿಸೆಕೆಂಡ್ ಬೇಕು. 54 ಮೆಗಾಬಿಟ್ ವೇಗದಲ್ಲಿ 0.22 ಮಿಲಿಸೆಕೆಂಡ್ ಸಾಕು. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ವೈಫೈ ಎಲ್ಲರಿಗೂ ಸಮನಾಗಿ ಹಂಚುವುದು ಸರದಿಯನ್ನು, ಸಮಯವನ್ನಲ್ಲ. ಹಾಗಾಗಿ ನಿಧಾನದ ಸಾಧನ ತನ್ನ ಒಂದು ಪ್ಯಾಕೆಟ್ ಕಳಿಸುವಷ್ಟರಲ್ಲಿ ವೇಗದ ಸಾಧನದ ಐವತ್ತಕ್ಕೂ ಹೆಚ್ಚು ಪ್ಯಾಕೆಟ್ ಹೋಗುವಷ್ಟು ಹೊತ್ತು ಕಳೆದಿರುತ್ತದೆ. ಮೂಲೆಯಲ್ಲಿರುವ ಒಂದು ಹಳೆ ಫೋನ್ ಆ ಚಾನೆಲ್ಲಿನ ಎಲ್ಲರನ್ನೂ ಎಳೆದು ನಿಲ್ಲಿಸುವುದು ಹೀಗೆ.

ಇದಕ್ಕೆ ಎರಡು ಮದ್ದು. 'ಏರ್‌ಟೈಮ್ ಫೇರ್‌ನೆಸ್' ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ. ಆಗ ರೂಟರು ತಾನು ಕಳಿಸುವ ಪ್ಯಾಕೆಟ್ಟುಗಳಲ್ಲಿ ಸಮಯವನ್ನು ಸಮನಾಗಿ ಹಂಚಲು ನೋಡುತ್ತದೆ. ಆನ್ ಮಾಡಿದ ಮೇಲೆ ಯಾವುದಾದರೂ ಹಳೆ ಸಾಧನ ಪದೇ ಪದೇ ಕಳಚಿಕೊಂಡರೆ ವಾಪಸ್ ಆಫ್ ಮಾಡಿ. ಎರಡನೆಯದು, ನಿಮ್ಮ ಪಟ್ಟಿಯಲ್ಲಿ 'ಬಿ' ಮಾತ್ರದ ಸಾಧನ ಇಲ್ಲದಿದ್ದರೆ 1, 2, 5.5, 11ರ ವೇಗಗಳನ್ನು ತೆಗೆದುಹಾಕಿ ಕನಿಷ್ಠ ವೇಗವನ್ನು 6 ಮೆಗಾಬಿಟ್‌ಗೆ ಏರಿಸಿ. ಬೀಕನ್ ಖರ್ಚೂ ಆರರಲ್ಲಿ ಒಂದಕ್ಕೆ ಇಳಿಯುತ್ತದೆ. ಹಳೆ ಸಾಧನಗಳಿಗೆ ಮಾಡುವ ಉಪಕಾರದಲ್ಲಿ ಇದು ದೊಡ್ಡದು ಅನ್ನುತ್ತೇನೆ, ಏಕೆಂದರೆ ಇದರ ಲಾಭ ಅವಕ್ಕೂ ಸಿಗುತ್ತದೆ.

ಹಂತ 4: ಭದ್ರತೆ ಮತ್ತು ಪಾಸ್‌ವರ್ಡ್

ಹಳೆಯವರ ನೆಟ್‌ವರ್ಕಿಗೆ 'ಡಬ್ಲ್ಯುಪಿಎ2 ಪರ್ಸನಲ್', ಎನ್‌ಕ್ರಿಪ್ಶನ್ (ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವ ಕ್ರಮ) 'ಎಇಎಸ್' ಮಾತ್ರ. 'ಟಿಕೆಐಪಿ' ಅಥವಾ 'ಟಿಕೆಐಪಿ+ಎಇಎಸ್' ಬೇಡ. ಟಿಕೆಐಪಿ ದುರ್ಬಲ ಅನ್ನುವುದು ಒಂದು ಕಡೆಯಾದರೆ, ಅದನ್ನು ಬಳಸುವ ಸಾಧನದ ವೇಗ 54 ಮೆಗಾಬಿಟ್‌ನಲ್ಲೇ ನಿಂತುಬಿಡುತ್ತದೆ.

'ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ' ಅನ್ನುವ ಆಯ್ಕೆ ಹಳೆಯದಕ್ಕೂ ಹೊಸದಕ್ಕೂ ಸರಿಹೋಗಬೇಕು ಅಂತಲೇ ಇರುವುದು. ಆದರೆ ಕೆಲವು ಸಾಧನಗಳು ಆ ಎರಡು ಹೆಸರನ್ನು ಒಟ್ಟಿಗೆ ಕಂಡೊಡನೆ ಗಲಿಬಿಲಿಯಾಗಿ ಪಾಸ್‌ವರ್ಡ್ ತಪ್ಪು ಅನ್ನುತ್ತವೆ. ನೀವು ಹತ್ತು ಸಲ ಟೈಪ್ ಮಾಡಿದರೂ ಅದೇ ಉತ್ತರ. ಇದರ ಜೊತೆಗಿರುವ 'ಪ್ರೊಟೆಕ್ಟೆಡ್ ಮ್ಯಾನೇಜ್‌ಮೆಂಟ್ ಫ್ರೇಮ್ಸ್' ಅನ್ನೂ ಈ ನೆಟ್‌ವರ್ಕಿನಲ್ಲಿ ಆಫ್ ಇಡಿ. ಮುಖ್ಯ ನೆಟ್‌ವರ್ಕಿನಲ್ಲಿ ಎರಡೂ ಇರಲಿ.

ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಕೀಪ್ಯಾಡ್ ಫೋನಿನಲ್ಲಿ ಚಿಹ್ನೆ, ದೊಡ್ಡಕ್ಷರ ಟೈಪ್ ಮಾಡುವುದು ಪ್ರಾಣ ಹಿಂಡುವ ಕೆಲಸ, ಅಲ್ವಾ? ಅದಕ್ಕೆ ಹೆದರಿ ಜನ 12345678 ಇಡುತ್ತಾರೆ. ಒಂದು ಉಪಾಯ ಇದೆ. ಕೀಪ್ಯಾಡಿನ 2ರಿಂದ 9ರವರೆಗಿನ ಕೀಲಿಗಳಲ್ಲಿ ಮೊದಲ ಒತ್ತಿಗೆ ಬರುವ ಅಕ್ಷರಗಳು ಎ, ಡಿ, ಜಿ, ಜೆ, ಎಂ, ಪಿ, ಟಿ, ಡಬ್ಲ್ಯು. ಒಟ್ಟು ಎಂಟು. ಈ ಎಂಟನ್ನೇ ಬಳಸಿ, ಅರ್ಥವಿಲ್ಲದ ಕ್ರಮದಲ್ಲಿ 24 ಅಕ್ಷರದ ಪಾಸ್‌ವರ್ಡ್ ಮಾಡಿ. ಎಂಟರಲ್ಲಿ ಒಂದನ್ನು ಆರಿಸುವ ಒಂದೊಂದು ಅಕ್ಷರವೂ 3 ಬಿಟ್ (2×2×2) ಆದ್ದರಿಂದ ಒಟ್ಟು 72 ಬಿಟ್. ಊಹಿಸಿ ಒಡೆಯುವುದು ಅಸಾಧ್ಯ ಅನ್ನುವಷ್ಟು ಗಟ್ಟಿ. ಟೈಪ್ ಮಾಡಲು 24 ಒತ್ತು ಸಾಕು. ಆದರೆ ಅಕ್ಷರಗಳ ಕ್ರಮವನ್ನು ಮನಸ್ಸಿಗೆ ಬಂದಂತೆ ಆರಿಸಬೇಡಿ. ಚೀಟಿ ಎತ್ತಿ, ಇಲ್ಲವೇ ಪಾಸ್‌ವರ್ಡ್ ಮ್ಯಾನೇಜರಿಗೆ ಬಿಡಿ.

ಅಕ್ಷರ ಒತ್ತಲು ಕೀಲಿಯೇ ಇಲ್ಲದ ಸಾಧನವಾದರೆ, ಪಾಸ್‌ವರ್ಡ್ ಟೈಪ್ ಮಾಡದೆ ಸೇರಿಸುವ ಡಬ್ಲ್ಯುಪಿಎಸ್ ಬಟನ್ ರೂಟರಿನಲ್ಲಿ ಇದೆ. ಒತ್ತಿದ ಮೇಲೆ 2 ನಿಮಿಷ ಬಾಗಿಲು ತೆರೆದಿರುತ್ತದೆ. ಅಷ್ಟರಲ್ಲಿ ಸೇರಿಸಿ, ಆಮೇಲೆ ಡಬ್ಲ್ಯುಪಿಎಸ್ ಪೂರ್ತಿ ಆಫ್ ಮಾಡಿ. ಅದರ ಪಿನ್ ವಿಧಾನದ ದೋಷ 2011ರಲ್ಲೇ ಬಯಲಾಗಿದೆ. ಅದನ್ನು ಯಾವತ್ತೂ ಬಳಸಬೇಡಿ.

ಹಂತ 5: ಗೋಡೆ ಕಟ್ಟಿ

2017ರಲ್ಲಿ ಡಬ್ಲ್ಯುಪಿಎ2ರಲ್ಲಿ 'ಕ್ರ್ಯಾಕ್' ಅನ್ನುವ ದೋಷ ಸಿಕ್ಕಿತು. ಆಂಡ್ರಾಯ್ಡಿಗೆ ಅದರ ಪರಿಹಾರ ಬಂದದ್ದು ಅದೇ ವರ್ಷ ನವೆಂಬರಿನ ಭದ್ರತಾ ಪ್ಯಾಚಿನಲ್ಲಿ. ಆ ಪ್ಯಾಚ್ ಕಾಣದ ಫೋನುಗಳು ಇವತ್ತಿಗೂ ಓಡಾಡುತ್ತಿವೆ, ಮುಂದೆಂದೂ ಅವಕ್ಕೆ ಅಪ್‌ಡೇಟ್ ಬರುವುದಿಲ್ಲ. ಅಂಥ ಸಾಧನವನ್ನು ನಂಬದೆಯೂ ಬಳಸಬಹುದು. ಅದಕ್ಕೆ ಗೋಡೆ ಬೇಕು.

'ಕ್ಲೈಂಟ್ ಐಸೊಲೇಶನ್' ಅಥವಾ 'ಎಪಿ ಐಸೊಲೇಶನ್' ಆನ್ ಮಾಡಿ. ಈ ನೆಟ್‌ವರ್ಕಿನ ಸಾಧನಗಳು ಒಂದಕ್ಕೊಂದು ಕಾಣುವುದಿಲ್ಲ. ಗೆಸ್ಟ್ ಸೆಟ್ಟಿಂಗಿನಲ್ಲಿ 'ಲೋಕಲ್ ನೆಟ್‌ವರ್ಕ್ ಬಳಸಲು ಬಿಡು' ಅನ್ನುವ ಟಿಕ್ ತೆಗೆಯಿರಿ. ವಿಎಲ್ಎಎನ್ (ಒಂದೇ ರೂಟರಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಬಲ್ಲ ರೂಟರಾದರೆ ಈ ನೆಟ್‌ವರ್ಕಿಗೆ ಬೇರೆ ವಿಎಲ್ಎಎನ್ ಕೊಟ್ಟು, ಏನನ್ನು ಬಿಡಬೇಕು ಅಂತ ತೀರ್ಮಾನಿಸುವ ಫೈರ್‌ವಾಲಿನಲ್ಲಿ ಹೀಗೆ ಬರೆಯಿರಿ: ಐಪಿ ವಿಳಾಸ, ಡಿಎನ್ಎಸ್ (ಸೈಟಿನ ಹೆಸರಿನಿಂದ ವಿಳಾಸ ಹುಡುಕುವ ಸೇವೆ), ಸಮಯ ಕೇಳಲು ರೂಟರಿನ ತನಕ ಬಿಡು, ಇಂಟರ್ನೆಟ್ಟಿಗೆ ಬಿಡು, ರೂಟರಿನ ಸೆಟ್ಟಿಂಗ್ ಪುಟಕ್ಕೂ ಮುಖ್ಯ ನೆಟ್‌ವರ್ಕಿಗೂ ಬಿಡಬೇಡ. ಸ್ಕ್ಯಾನರಿಗೆ ಒಳಗಿನ ಸರ್ವರ್ ಬೇಕೇ ಬೇಕು ಅಂದರೆ ಆ ಒಂದು ವಿಳಾಸ, ಆ ಒಂದು ಪೋರ್ಟ್ (ಸರ್ವರಿನ ಆ ಸೇವೆಯ ಬಾಗಿಲ ಸಂಖ್ಯೆ) ಮಾತ್ರ ತೆರೆಯಿರಿ.

ಪರೀಕ್ಷೆ ಸುಲಭ. ಹಳೆ ಫೋನಿನ ಬ್ರೌಸರಿನಲ್ಲಿ ಮುಖ್ಯ ನೆಟ್‌ವರ್ಕಿನ ರೂಟರ್ ವಿಳಾಸ ಹಾಕಿ, ಉದಾಹರಣೆಗೆ 192.168.1.1. ಆಮೇಲೆ ಪ್ರಿಂಟರಿನ ವಿಳಾಸ ಹಾಕಿ. ಯಾವುದಾದರೂ ಪುಟ ತೆರೆದುಕೊಂಡರೆ ಗೋಡೆ ಇನ್ನೂ ಎದ್ದಿಲ್ಲ.

ಹಂತ 6: ವಿಳಾಸ ಮತ್ತು ಪಟ್ಟಿ

ಹಳೆ ಸಾಧನಗಳಲ್ಲಿ ಒಂದು ಅನುಕೂಲ ಇದೆ: ಅವುಗಳ ಮ್ಯಾಕ್ ವಿಳಾಸ, ಅಂದರೆ ವೈಫೈ ಚಿಪ್ಪಿನ ಗುರುತಿನ ಸಂಖ್ಯೆ, ಬದಲಾಗುವುದಿಲ್ಲ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ನೆಟ್‌ವರ್ಕಿಗೆ ಒಂದೊಂದು ನಕಲಿ ಮ್ಯಾಕ್ ತೋರಿಸುತ್ತವೆ. ಹಳೆಯವು ಕಾರ್ಖಾನೆಯಲ್ಲಿ ಕೊಟ್ಟದ್ದನ್ನೇ ತೋರಿಸುತ್ತವೆ. ಹಾಗಾಗಿ ಪ್ರತಿ ಸಾಧನಕ್ಕೂ ಡಿಎಚ್‌ಸಿಪಿಯಲ್ಲಿ (ಐಪಿ ವಿಳಾಸ ಹಂಚುವ ರೂಟರಿನ ಸೇವೆಯಲ್ಲಿ) ಕಾಯಂ ವಿಳಾಸ ಕೊಟ್ಟು, ರೂಟರಿನಲ್ಲಿ ಗುರುತಿನ ಹೆಸರು ಬರೆದಿಡಿ.

ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳನ್ನು ಮಾತ್ರ ಒಳಬಿಡುವ ಮ್ಯಾಕ್ ಫಿಲ್ಟರ್ ಬೇಕಾ? ಬೀಗ ಅಂದುಕೊಂಡು ಹಾಕಬೇಡಿ. ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹಾಜರಿ ಪುಸ್ತಕ ಅಂದುಕೊಂಡರೆ ಮಾತ್ರ ಉಪಯೋಗ.

ಆಫೀಸಿನಲ್ಲಿ ಇಂಥ ಸಾಧನ ಹತ್ತಾರು ಇದ್ದರೆ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡುವುದು ಮುಂದೆ ತಲೆನೋವು. ಒಂದು ಕಳೆದುಹೋದರೆ ಎಲ್ಲದರಲ್ಲೂ ಬದಲಿಸಬೇಕು. ಬಳಕೆದಾರ ಹೆಸರು, ಸರ್ಟಿಫಿಕೇಟ್ ಕೇಳುವ ಎಂಟರ್‌ಪ್ರೈಸ್ ವಿಧಾನ ಇವಕ್ಕೆ ಬರದೆ ಹೋಗಬಹುದು. ನಡುವಿನ ದಾರಿ, ಒಂದೇ ನೆಟ್‌ವರ್ಕ್ ಹೆಸರಿನಡಿ ಸಾಧನಕ್ಕೊಂದು ಪಾಸ್‌ವರ್ಡ್. ರೂಟರಿಗೆ ಹಾಕಬಹುದಾದ ಉಚಿತ ವ್ಯವಸ್ಥೆ ಓಪನ್‌ವರ್ಟ್ ಬಳಸುವ 'ಹೋಸ್ಟ್‌ಎಪಿಡಿ' ತಂತ್ರಾಂಶ ಇದಕ್ಕೆ ಒಂದು ಕಡತ ಓದುತ್ತದೆ, ಸಾಲಿಗೊಂದು ಮ್ಯಾಕ್, ಎದುರಿಗೆ ಅದರ ಪಾಸ್‌ವರ್ಡ್. ದೊಡ್ಡ ಕಂಪನಿಗಳ ಆಕ್ಸೆಸ್ ಪಾಯಿಂಟುಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದು ಸಿಗುತ್ತದೆ.

ಲಾಗಿನ್ ಪುಟ ತೋರಿಸುವ 'ಕ್ಯಾಪ್ಟಿವ್ ಪೋರ್ಟಲ್' ಇದ್ದರೆ ಈ ಸಾಧನಗಳನ್ನು ಅದರಿಂದ ಹೊರಗಿಡಿ. ಸಣ್ಣ ಪರದೆಯ ಬ್ರೌಸರಿನಲ್ಲಿ ಆ ಪುಟ ತೆರೆಯುವುದೇ ಕಷ್ಟ, ಸ್ಕ್ಯಾನರಿನಲ್ಲಿ ಬ್ರೌಸರೇ ಇರಲಿಕ್ಕಿಲ್ಲ.

ಹಂತ 7: ಸೇರಿದೆ, ಆದರೆ ಇಂಟರ್ನೆಟ್ ಬರುತ್ತಿಲ್ಲ

ಇಲ್ಲಿ ವೈಫೈಯನ್ನು ಬೈಯುವ ಮೊದಲು ಫೋನಿನ ತಾರೀಖು ನೋಡಿ. ಬ್ಯಾಟರಿ ಪೂರ್ತಿ ಇಳಿದು ಎದ್ದ ಫೋನ್ ಎಷ್ಟೋ ಸಲ 1970ಕ್ಕೋ 2010ಕ್ಕೋ ಹೋಗಿ ಕೂತಿರುತ್ತದೆ. ತಾರೀಖು ತಪ್ಪಿದ್ದರೆ ವೆಬ್‌ಸೈಟಿನ ಸರ್ಟಿಫಿಕೇಟ್ (ಸೈಟು ಅಸಲಿ ಅನ್ನುವ ಗುರುತಿನ ಪತ್ರ) 'ಇನ್ನೂ ಚಾಲ್ತಿಗೆ ಬಂದಿಲ್ಲ' ಅಂತ ಎಲ್ಲವೂ ನಿಲ್ಲುತ್ತದೆ. ಕೈಯಾರೆ ಸರಿಮಾಡಿ.

ತಾರೀಖು ಸರಿ ಇದ್ದೂ ಕೆಲವು ಸೈಟು ತೆರೆದು ಕೆಲವು ತೆರೆಯದಿದ್ದರೆ ಅದು ಸರ್ಟಿಫಿಕೇಟಿನ ತೊಂದರೆ. ಸೈಟುಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟುಗಳು ಮೊದಲು ನೆಚ್ಚಿಕೊಂಡಿದ್ದ ಹಳೆ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಹೊಸ ಮೂಲವನ್ನು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳು ತಾವಾಗಿ ನಂಬುವುದಿಲ್ಲ. ಇನ್ನೊಂದು ತೊಡಕು ಟಿಎಲ್ಎಸ್ 1.2, ಅಂದರೆ ಸೈಟಿನ ಜೊತೆಗಿನ ಮಾತುಕತೆಯನ್ನು ಗುಟ್ಟಾಗಿಡುವ ವಿಧಾನದ ಒಂದು ಆವೃತ್ತಿ. ಆಂಡ್ರಾಯ್ಡ್ 5ಕ್ಕಿಂತ ಹಿಂದಿನವುಗಳಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ, ಇವತ್ತಿನ ಸೈಟುಗಳು ಅದಕ್ಕಿಂತ ಕಡಿಮೆಯದನ್ನು ಒಪ್ಪುವುದಿಲ್ಲ. ಫೈರ್‌ಫಾಕ್ಸ್ ತನ್ನದೇ ಸರ್ಟಿಫಿಕೇಟ್ ಪಟ್ಟಿ ಹೊತ್ತು ಬರುತ್ತದೆ. ಆ ಫೋನಿಗೆ ಹೊಂದುವ ಆವೃತ್ತಿ ಸಿಕ್ಕರೆ ಅರ್ಧ ದಾರಿ ಸಾಗುತ್ತದೆ. ಆದರೆ ಬ್ಯಾಂಕಿನ ಕೆಲಸವನ್ನು ಆ ಫೋನಿನಲ್ಲಿ ಮಾಡಬೇಡಿ. ರೂಟರಿನಲ್ಲಿ ಏನು ತಿರುಗಿಸಿದರೂ ಈ ತೊಂದರೆ ಹೋಗುವುದಿಲ್ಲ, ಅಲ್ಲಿ ಹೊತ್ತು ಕಳೆಯಬೇಡಿ.

ಹಂತ 8: ಕೆಲವು ದಿನ ಗಮನಿಸಿ

ರೂಟರಿನ 'ಸಂಪರ್ಕದಲ್ಲಿರುವ ಸಾಧನಗಳು' ಪುಟದಲ್ಲಿ ಸಿಗ್ನಲ್ ಸಂಖ್ಯೆ ಇರುತ್ತದೆ (ಡಿಬಿಎಂ ಅಳತೆಯಲ್ಲಿ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ). ಮೈನಸ್ 67ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 80 ದಾಟಿದರೆ ಸಾಧನವನ್ನೋ ರೂಟರನ್ನೋ ಹತ್ತಿರ ತರುವುದೇ ದಾರಿ. ದೂರದ ಸಾಧನ ವೇಗ ಇಳಿಸಿಕೊಂಡು ಮೂರನೇ ಹಂತದ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಸರಿಯಾಗಿ ಗಂಟೆಗೊಮ್ಮೆ ಕಳಚಿಕೊಳ್ಳುವ ಸಾಧನ ಕಂಡರೆ 'ಗ್ರೂಪ್ ಕೀ' (ಎಲ್ಲ ಸಾಧನಗಳೂ ಹಂಚಿಕೊಳ್ಳುವ ಗುಪ್ತಲಿಪಿಯ ಕೀಲಿ) ಬದಲಾಗುವ ಅವಧಿ ನೋಡಿ. ಕೆಲವು ರೂಟರುಗಳಲ್ಲಿ ಅದು 3600 ಸೆಕೆಂಡ್, ಅಂದರೆ ಒಂದು ಗಂಟೆ. ಆ ಬದಲಾವಣೆಯನ್ನು ಸರಿಯಾಗಿ ನಿಭಾಯಿಸದ ಅಗ್ಗದ ಚಿಪ್ಪುಗಳು ಇವೆ. 86400ಕ್ಕೆ ಏರಿಸಿದರೆ ದಿನಕ್ಕೊಂದು ಸಲ ಮಾತ್ರ. ಗಂಟೆಯ ಲೆಕ್ಕವಿಲ್ಲದೆ, ಪರದೆ ಆರಿದಾಗಲೆಲ್ಲ ಕಳಚಿಕೊಂಡರೆ ಅದು ಫೋನಿನ ವಿದ್ಯುತ್ ಉಳಿತಾಯದ ಸೆಟ್ಟಿಂಗ್. ರೂಟರಿನಲ್ಲಿ ಹುಡುಕಬೇಡಿ.

ವೆಪ್ ಸಾಧನಗಳು, ಮತ್ತು ಬೀಳ್ಕೊಡುವ ಕೆಲಸ

ವೆಪ್ ಮುರಿದುಬಿದ್ದದ್ದು 2001ರಲ್ಲಿ. ಇವತ್ತಿನ ಬಹಳ ರೂಟರುಗಳಲ್ಲಿ ಅದರ ಆಯ್ಕೆಯೇ ಇಲ್ಲ. ವೆಪ್ ಬಿಟ್ಟರೆ ಗತಿಯಿಲ್ಲದ ಸಾಧನ ಬೇಕೇ ಬೇಕು ಅಂದರೆ, ಒಂದು ಹಳೆ ರೂಟರನ್ನು ಗೆಸ್ಟ್ ವಿಎಲ್ಎಎನ್ ಹಿಂದೆ ಸಿಕ್ಕಿಸಿ, ಬೇಕಾದಾಗ ಮಾತ್ರ ಆನ್ ಮಾಡಿ, ಮುಗಿದ ಮೇಲೆ ಪ್ಲಗ್ ಕೀಳಿ. ಅದರ ಪಾಸ್‌ವರ್ಡ್ ಬೇರೆಲ್ಲೂ ಬಳಸಿದ್ದಾಗಿರಬಾರದು.

ಸಾಧನವೊಂದನ್ನು ಬಿಟ್ಟುಕೊಡುವಾಗ ಅಥವಾ ಯಾರಿಗಾದರೂ ಕೊಡುವಾಗ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ. ಹಳೆ ಫೋನುಗಳಲ್ಲಿ ವೈಫೈ ಪಾಸ್‌ವರ್ಡ್ ಸಾದಾ ಅಕ್ಷರದಲ್ಲೇ ಕಡತದಲ್ಲಿ ಕೂತಿರಬಹುದು. ಆಮೇಲೆ ರೂಟರಿನ ಪಟ್ಟಿಯಿಂದ ಅದರ ಕಾಯಂ ವಿಳಾಸ ಅಳಿಸಿ. ಸಾಧನ ಕಳೆದುಹೋಗಿದ್ದರೆ ಅಂದೇ ಪಾಸ್‌ವರ್ಡ್ ಬದಲಿಸಿ. ಪಟ್ಟಿಯಲ್ಲಿದ್ದ ಕೊನೆಯ 'ಬಿ' ಸಾಧನ ಹೋದ ದಿನ ಕನಿಷ್ಠ ವೇಗವನ್ನು 6ಕ್ಕೆ ಏರಿಸಲು ಮರೆಯಬೇಡಿ.